ಕನ್ನಗಳ್ಳರ ಲೆಕ್ಕ

ಮನೆಗೆ ಕನ್ನ ಬಿದ್ದರೆ ಠಾಣೆಗೆ ಓಡುವ ನಾವು, ಪುಸ್ತಕದಲ್ಲಿ ಬಿದ್ದರೆ ಕಳ್ಳ ಸಿಕ್ಕಿಬೀಳದಿರಲಿ ಎಂದು ಹಾರೈಸುತ್ತೇವೆ. ಈ ಪಕ್ಷಪಾತ ಇಂದಿನದಲ್ಲ. ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಶರ್ವಿಲಕ ಚಾರುದತ್ತನ ಗೋಡೆ ಕೊರೆಯಲು ಕೂತಾಗ ಅಳತೆಯ ದಾರ ಮರೆತು ಬಂದದ್ದು ನೆನಪಾಗುತ್ತದೆ, ಜನಿವಾರವನ್ನೇ ಹಿಡಿದು ಅಳೆಯುತ್ತಾನೆ. 1984ರಲ್ಲಿ ಗಿರೀಶ ಕಾರ್ನಾಡರು ಇದೇ ನಾಟಕವನ್ನು ಆಧರಿಸಿ ಹಿಂದಿಯಲ್ಲಿ ‘ಉತ್ಸವ್’ ತೆಗೆದಾಗ ಆ ಕಳ್ಳನಾದವರು ಶಂಕರ್‌ನಾಗ್. ಆದರೆ ನಗುವಿನ ಭರದಲ್ಲಿ ಒಂದು ಮಾತು ಮರೆಯಬಾರದು: ಶರ್ವಿಲಕ ಕದ್ದದ್ದು ದಾಸಿ ಮದನಿಕೆಯನ್ನು ಹಣ ಕೊಟ್ಟು ಬಿಡಿಸಿಕೊಳ್ಳಲು. ಮನುಷ್ಯರಿಗೇ ಬೆಲೆ ಕಟ್ಟಿದ ಊರಿನಲ್ಲಿ ಮಾತ್ರ ಕಳ್ಳನ ಕಥೆಗೆ ತೂಕ ಬರುತ್ತದೆ ಎಂಬುದು ನನ್ನ ವಾದ.

ಅಮೆರಿಕದ ಲೀ ಬಾರ್ಡ್ಯೂಗೊ ಹದಿಹರೆಯದವರಿಗಾಗಿ ಬರೆದ ‘ಸಿಕ್ಸ್ ಆಫ್ ಕ್ರೋಸ್’ (2015) ಕಾದಂಬರಿಯ ಕೆಟರ್‌ಡ್ಯಾಮ್ ಅಂಥ ಊರು. ಕಾಲುವೆ, ಬಂದರು, ವರ್ತಕರ ಸಭೆ ಎಲ್ಲವೂ ಹಳೆಯ ಆಮ್‌ಸ್ಟರ್‌ಡ್ಯಾಮನ್ನು ನೆನಪಿಸುತ್ತವೆ. ವ್ಯಾಪಾರಕ್ಕೆಂದೇ ಅಲ್ಲೊಬ್ಬ ದೇವರು, ಘೆಜೆನ್. ಅಲ್ಲಿನ ನಾಣ್ಯದಲ್ಲಿ ಮೂರು ಕೋಟಿ ಕ್ರುಗೆಯ ಆಸೆಗೆ ಆರು ಮಂದಿ ಹಿಮದ ಕೋಟೆಯೊಂದಕ್ಕೆ ಕನ್ನ ಹಾಕಲು ಹೊರಡುತ್ತಾರೆ. ಕದ್ದು ತರಬೇಕಾದದ್ದು ಚಿನ್ನವಲ್ಲ, ಅಪಾಯಕಾರಿ ಮದ್ದನ್ನು ಕಂಡುಹಿಡಿದ ಒಬ್ಬ ವಿಜ್ಞಾನಿಯನ್ನು. ಅಂದರೆ ಮಾಲೂ ಮನುಷ್ಯನೇ. ಕೋಟೆಯೊಳಗೆ ಇನೆಜ್ ಎಂಬ ಹುಡುಗಿ ಕಸ ಸುಡುವ ಕುಲುಮೆಯ ಚಿಮಣಿಯಲ್ಲಿ ಆರು ಅಂತಸ್ತು ಹತ್ತಬೇಕು. ಕುಲುಮೆ ತಣ್ಣಗಿರುತ್ತದೆಂದು ಲೆಕ್ಕ ಹಾಕಿದ್ದರು; ಅದು ಇನ್ನೂ ಕಾದಿರುತ್ತದೆ. ಜಾರದಿರಲೆಂದು ಹಾಕಿಕೊಂಡ ರಬ್ಬರ್ ಅಟ್ಟೆ ಕಾಲಡಿಯಲ್ಲೇ ಕರಗತೊಡಗುತ್ತದೆ. ಹಿಂದೊಮ್ಮೆ ತನ್ನನ್ನು ಹಿಡಿದು ಮಾರಿದವರಂಥವರನ್ನು ಹಡಗೇರಿ ಬೇಟೆಯಾಡಬೇಕೆಂಬ ನಿರ್ಧಾರ ಅವಳಲ್ಲಿ ಹುಟ್ಟುವುದು ಆ ಬಿಸಿಯಲ್ಲೇ.

ಇದು ಕಳ್ಳತನದ ವೈಭವೀಕರಣವಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ್ದೇ. ಆದರೆ ಕೊಟ್ಟ ಮಾತು ಮುರಿದು ಹಣ ನುಂಗಲು ನೋಡುವವನು ಬೀದಿಯ ಪುಂಡನಲ್ಲ, ಕೆಲಸ ಒಪ್ಪಿಸಿದ ಗೌರವಸ್ಥ ವರ್ತಕ ವಾನ್ ಎಕ್. ಓದಲು ಬಾರದ ಸ್ವಂತ ಮಗ ವೈಲನ್‌ನನ್ನೂ ಅವನು ನಷ್ಟದ ಬಾಬ್ತಿಗೆ ಬರೆದವನು. ಹದಿನಾರು ಹದಿನೇಳರ ಮಕ್ಕಳಿಗೆ ಇಷ್ಟು ಚಾಣಾಕ್ಷತನ ಎಲ್ಲಿಂದ ಬಂತು ಎಂಬ ಇನ್ನೊಂದು ಆಕ್ಷೇಪವೂ ಉಂಟು. ಇದಕ್ಕೆ ಅರ್ಧ ಒಪ್ಪುತ್ತೇನೆ. ನಾಯಕ ಕಾಜ್‌ನ ಲೆಕ್ಕಾಚಾರ ಕೆಲವೆಡೆ ಅತಿಯೇ. ಆದರೂ ಆ ಜಾಣ್ಮೆ ಪುಕ್ಕಟೆ ಬಂದದ್ದಲ್ಲ. ಮೋಸಹೋಗಿ, ಪ್ಲೇಗಿಗೆ ಅಣ್ಣನನ್ನು ಕಳೆದುಕೊಂಡು, ಅವನ ಹೆಣವನ್ನೇ ಹಿಡಿದು ಈಜಿ ದಡ ಸೇರಿದ ಹುಡುಗ ಅವನು. ಇನ್ನೊಬ್ಬರ ಮೈ ಸೋಕಿದರೆ ತಾಳಲಾರದೆ ಸದಾ ಕೈಗವಸು ಹಾಕಿರುತ್ತಾನೆ. ಬಾಲ್ಯ ತೆತ್ತು ಕೊಂಡ ಬುದ್ಧಿ ಅದು.

ಕಳ್ಳರನ್ನು ಮೆಚ್ಚಬೇಕಿಲ್ಲ, ಯಾರು ಯಾರಿಗೆ ಬೆಲೆ ಕಟ್ಟಿದರು ಎಂದು ನೋಡಿದರೆ ಸಾಕು. ‘ಮೃಚ್ಛಕಟಿಕ’ದಲ್ಲಿ ಮದನಿಕೆಯ ಒಡತಿ ವಸಂತಸೇನೆ ಎಲ್ಲವನ್ನೂ ಮರೆಯಿಂದ ಕೇಳಿಸಿಕೊಂಡೂ ದುಡ್ಡು ಮುಟ್ಟದೆ ಮದನಿಕೆಯನ್ನು ಶರ್ವಿಲಕನೊಡನೆ ಕಳಿಸಿಕೊಟ್ಟಳು. ಕೆಟರ್‌ಡ್ಯಾಮಿನ ಮಾರುಕಟ್ಟೆಯಲ್ಲಿ ಅಂಥ ವಸಂತಸೇನೆ ಇರಲಿಲ್ಲ. ಅದಕ್ಕೇ ಅಲ್ಲಿ ಆರು ಕಳ್ಳರು ಬೇಕಾದರು.