ಎಣ್ಣಿ ಎಲ್ಲಿಗಿ ಹೋಗ್ತದ?

ದೀಪಾವಳಿ ರಜೆಗೆ ಮುಡಬಿಗೆ ಹೋದಾಗ ಕಾಕಾ ಕೇಳಿದ ಮೊದಲ ಮಾತೇ ಇದು: "ತಮ್ಮಾ, ನೀ ಮೆಕ್ಯಾನಿಕಲ್ ಓದ್ಲತ್ತಿ. ನನ್ನ ಗಾಡಿ ಎಣ್ಣಿ ಕುಡಿಲತ್ತದ, ಯಾಕ ಹೇಳು."

ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ 150 ಸಿಸಿ ಬೈಕ್. ನಾನು ಬಗ್ಗಿ ಕೂಡ ನೋಡದೆ, "ಪಿಸ್ಟನ್ ರಿಂಗ್ ಹೋಗ್ಯಾವ, ಬೋರ್ ಮಾಡಿಸಬೇಕು" ಅಂದುಬಿಟ್ಟೆ. ರಾತ್ರಿ ಕಾಕಾ ಕಾಕುಗೆ ಹೇಳ್ತಿದ್ದ: ರೇಟ್ ಏರಲಿ ಅಂತ ಇಟ್ಟ ಸೋಯಾದಲ್ಲಿ ಎರಡು ಚೀಲ ಈಗಲೇ ಮಾರಿಬಿಡಮು. ಕೇಳಿ ನನಗೆ ನಿದ್ದೆ ಬರಲಿಲ್ಲ. ಬಾಯಿಗೆ ಬಂದದ್ದು ಹೇಳಿದ್ದೆ, ಅವನು ನಂಬಿದ್ದ.

ಮುಂಜಾನೆ, "ನಾಲ್ಕು ದಿನ ತಡಿ ಕಾಕಾ, ಮೊದಲು ಅಳತಿ ಮಾಡಮು" ಅಂದೆ.

ಎಣ್ಣೆ ಸುಡೋದು ಎಲ್ಲ ಇಂಜಿನ್‌ಗೂ ಕಾಯಿಲೆಯಲ್ಲ. ಆರ್‌ಎಕ್ಸ್ 100ನಂಥ ಟೂ-ಸ್ಟ್ರೋಕ್ ಗಾಡಿಯ ಸ್ವಭಾವವೇ ಅದು. ಮಾಜ್ದಾ ಆರ್‌ಎಕ್ಸ್-8 ಸ್ಪೋರ್ಟ್ಸ್ ಕಾರಿನ ರೋಟರಿ ಇಂಜಿನ್ ಕೂಡ ಸೀಲ್‌ಗಳಿಗೆ ಜಿಡ್ಡು ಬೇಕಂತ ತಾನೇ ಎಣ್ಣೆಯನ್ನು ಒಳಗೆ ಬಿಡ್ತದೆ. ಕಾಕಾನದು ಫೋರ್-ಸ್ಟ್ರೋಕ್. ಅದು ಇಷ್ಟು ಕುಡಿಯಬಾರದು.

ರಾತ್ರಿ ಇಂಜಿನ್ ಕೆಳಗೆ ರಟ್ಟು ಹಾಸಿಟ್ಟೆ. ಬೆಳಿಗ್ಗೆ ಒಂದು ಹನಿಯೂ ಇಲ್ಲ, ಅಂದರೆ ಸೋರಿಕೆ ಅಲ್ಲ. ಸಮ ನೆಲದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿ, ಹುಮನಾಬಾದ್, ಬಸವಕಲ್ಯಾಣ ಅಂತ 200 ಕಿಲೋಮೀಟರ್ ಓಡಿಸಿದೆ. ಮತ್ತೆ ಅದೇ ಗುರುತಿಗೆ ತರಲು 100 ಎಂಎಲ್ ಹಾಕಬೇಕಾಯ್ತು. ಹಿಂದೆ ಇನ್ನೊಂದು ಗಾಡಿ ಮೇಲೆ ಬಂದ ಕಾಕಾ ಹೊಗೆ ನೋಡಿದ. ಮುಂಜಾನೆ ಮೊದಲ ಕಿಕ್‌ಗೆ ನೀಲಿ ಹೊಗೆ, ಆಮೇಲೆ ಇಲ್ಲ. ಏರಿನಲ್ಲಿ ಜೋರಾಗಿ ಎಳೆದಾಗಲೂ ಇಲ್ಲ. ಇಳಿಜಾರಿನಲ್ಲಿ ಥ್ರಾಟಲ್ ಬಿಟ್ಟು ಮತ್ತೆ ತಿರುವಿದರೆ ಬುಸ್ ಅಂತ ಬಂತು.

ರಿಂಗ್ ಸವೆದಿದ್ದರೆ ಏರಿನಲ್ಲೇ ಹೆಚ್ಚು ಬರಬೇಕಿತ್ತು. ಥ್ರಾಟಲ್ ಮುಚ್ಚಿದಾಗ ಇನ್‌ಲೆಟ್‌ನಲ್ಲಿ ನಿರ್ವಾತ ಹೆಚ್ಚಾಗ್ತದೆ, ವಾಲ್ವ್ ಸೀಲ್ ಗಟ್ಟಿಯಾಗಿದ್ದರೆ ಅದರ ಸಂದಿಯಿಂದ ಎಣ್ಣೆ ಎಳ್ಕೊಳ್ತದೆ. ರಾತ್ರಿ ನಿಂತಾಗಲೂ ಅಲ್ಲಿಂದಲೇ ಜಿನುಗ್ತದೆ.

ಬಸವಕಲ್ಯಾಣದ ಮಿಸ್ತ್ರಿ ಪ್ಲಗ್ ಬಿಚ್ಚಿ ಕಂಪ್ರೆಶನ್ ಗೇಜ್ ಹಾಕಿದರು. ಆಮೇಲೆ ಪ್ಲಗ್ ತೂತಿನಲ್ಲಿ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದರು. ರಿಂಗ್ ಸವೆದಿದ್ದರೆ ಎಣ್ಣೆ ಸಂದಿ ಮುಚ್ಚಿ ಮುಳ್ಳು ಏರ್ತದೆ. ಮೊದಲ ಸಲವೇ ಚೆನ್ನಾಗಿದ್ದ ಮುಳ್ಳು ಎರಡನೇ ಸಲ ಹೆಚ್ಚೇನೂ ಏರಲಿಲ್ಲ. "ಆಯಿಲ್ ರಿಂಗಿಂದು ಈ ಗೇಜ್ ನೆಟ್ಟಗ ಹೇಳಂಗಿಲ್ಲ. ಆದ್ರ ಏರಿನಾಗ ಹೊಗಿ ಇಲ್ಲಂದ್ರಲ್ಲ, ಮೊದಲು ಸೀಲ್ ಬದಲ್ಸಮು" ಅಂದರು.

ಬೋರ್ ಕೆಲಸದ ಮುಂದೆ ಸೀಲಿನ ಖರ್ಚು ಏನೂ ಅಲ್ಲ. ಮತ್ತೆ 200 ಕಿಲೋಮೀಟರ್ ಓಡಿಸಿ ನೋಡಿದಾಗ ಎಣ್ಣೆ ಗುರುತಿನ ಹತ್ತಿರವೇ ಇತ್ತು. ಸೋಯಾ ಚೀಲ ಮನೆಯಲ್ಲೇ ಉಳಿದವು.

ಈಗ ಊರಲ್ಲಿ ಯಾರ ಗಾಡಿ ಹೊಗೆ ಬಿಟ್ಟರೂ ಕಾಕಾ ಕೇಳೋದು ಒಂದೇ: "ಮುಂಜಾನಿ ಬರ್ತದೋ, ಏರಿನಾಗ ಬರ್ತದೋ?"