ಷರಾ ಎಂಬ ಕೊನೆಯ ಕಲಂ

ನಮ್ಮ ಮಹಿಳಾ ಮಂಡಳಿಯ ಕಬ್ಬಿಣದ ಕಪಾಟಿಗೆ ಎರಡು ಕೀಲಿಕೈ. ಒಂದು ಅಧ್ಯಕ್ಷೆಯವರ ಸೆರಗಿನ ತುದಿಯಲ್ಲಿ, ಇನ್ನೊಂದು ನನ್ನ ಬ್ಯಾಗಿನಲ್ಲಿ. ಒಳಗಿರುವುದು ಎರಡು ದೊಡ್ಡ ಪಾತ್ರೆ, ರಸೀದಿ ಪುಸ್ತಕ, ಹಳೆಯ ಒಂದು ಜಮಖಾನ. ಅಷ್ಟಕ್ಕೆ ಅಷ್ಟೊಂದು ಕಾವಲು! ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಬಡಮಕ್ಕಳ ವಿವರಗಳೆಲ್ಲ ಬಾಗಿಲಿಲ್ಲದ ಮನೆಯಂತೆ ನನ್ನ ಮೊಬೈಲಿನಲ್ಲಿ ಬಿದ್ದುಕೊಂಡಿದ್ದವು.

ಪ್ರತಿ ವರ್ಷ ಶಾಲೆ ಶುರುವಾಗುವಾಗ ನಾವು ವಿದ್ಯಾರ್ಥಿವೇತನ ಕೊಡುತ್ತೇವೆ. ಟೀಚರ್ ಎಂಬ ಕಾರಣಕ್ಕೆ ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. 2022ರ ಜೂನ್‌ನಲ್ಲಿ ಅಚ್ಚುಕಟ್ಟಾಗಿ ಟೈಪು ಮಾಡಿದೆ: ಹೆಸರು, ತರಗತಿ, ತಾಯಿಯ ಹೆಸರು, ಫೋನು, ಆಧಾರ್, ಖಾತೆ ಸಂಖ್ಯೆ, ಸಿಗುವ ಮೊತ್ತ. ಕೊನೆಯಲ್ಲಿ ‘ಷರಾ’ ಎಂದು ಒಂದು ಕಲಂ. ‘ತಂದೆ ಬಿಟ್ಟು ಹೋಗಿದ್ದಾರೆ’, ‘ತಾಯಿಗೆ ಕಾಯಿಲೆ’ ಎಂದೆಲ್ಲ ಅದರಲ್ಲಿ. ದಾನಿಗಳಿಗೆ ನಂಬಿಕೆ ಬರಲಿ ಎಂದು ಇಡೀ ಪಟ್ಟಿಯನ್ನು ಮಂಡಳಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ನಾಲ್ಕೈದು ಮಂದಿ ಕೈಮುಗಿದ ಚಿತ್ರ ಕಳಿಸಿದರು. ನನಗೂ ಹೆಮ್ಮೆ.

ಹತ್ತು ದಿನ ಕಳೆದಿರಬೇಕು. ಗೇರುಬೀಜದ ಕಾರ್ಖಾನೆಗೆ ಹೋಗುವ ಒಬ್ಬ ತಾಯಿ ಸಂಜೆ ಮನೆಗೆ ಬಂದು ಜಗಲಿಯ ಮೇಲೆ ಕುಳಿತರು. ಹಿಂದಿನ ದಿನ ಯಾರೋ ಫೋನು ಮಾಡಿದ್ದರಂತೆ. ಮಗಳ ಹೆಸರು, ಎಂಟನೇ ಕ್ಲಾಸು, ಸಿಗುವ ಹಣ ಎಲ್ಲ ಸರಿಯಾಗಿ ಹೇಳಿ, ಮೊಬೈಲಿಗೆ ಬಂದ ನಂಬರು ಕೇಳಿದರಂತೆ. ಖಾತೆಯಲ್ಲಿದ್ದ ಎಂಟು ಸಾವಿರ ಚಿಲ್ಲರೆ ಹೋಗಿತ್ತು.

“ಟೀಚರ್ರೆ, ಅವ್ನಿಗೆ ಎಲ್ಲ ಗೊತ್ತಿತ್ತ್. ನಿಮ್ಮ ಕಡಿಯವ್ರೇ ಅಂದ್ಕಂಡೆ.”

ನಾನು ಏನು ಹೇಳಲಿ? 1930ಕ್ಕೆ ಫೋನು ಮಾಡಿ ದೂರು ಬರೆಸಿದೆವು. ಕೂಡಲೇ ಹೇಳಿದ್ದರೆ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಇತ್ತು. ನಮಗೆ ಒಂದು ಹಗಲು, ಒಂದು ರಾತ್ರಿ ಕಳೆದುಹೋಗಿತ್ತು. ಹಣ ಬರಲಿಲ್ಲ. ನಮ್ಮ ಪಟ್ಟಿಯಿಂದಲೇ ಹೋಯಿತು ಎನ್ನುವುದಕ್ಕೆ ಸಾಕ್ಷಿ ಇಲ್ಲ ಎಂದು ಸಭೆಯಲ್ಲಿ ಒಬ್ಬರು ನನ್ನ ಪರವಾಗಿ ಮಾತಾಡಿದರು. ಸಾಕ್ಷಿ ಇಲ್ಲ, ನಿಜ. ನನಗೆ ಮಾತ್ರ ಆ ದಿನ ಊಟ ಸೇರಲಿಲ್ಲ.

ಹಣವನ್ನು ಮಂಡಳಿಯಿಂದ ತುಂಬಿಕೊಟ್ಟೆವು. ತುಂಬಲಾಗದ್ದು ಬೇರೆ ಇತ್ತು. ಷರಾ ಕಲಂ ಮಗಳ ತರಗತಿಯವರ ಮನೆಗಳಿಗೂ ತಲುಪಿತ್ತು. ಅಪ್ಪ ಮುಂಬಯಿಯಲ್ಲಿ ಹೋಟೆಲಿನಲ್ಲಿದ್ದಾರೆ ಎಂದು ಗೆಳತಿಯರಿಗೆ ಹೇಳಿಕೊಂಡಿದ್ದ ಹುಡುಗಿ ಅವಳು. ಪುಸ್ತಕ ವಿತರಣೆಗೆ ಬರಲಿಲ್ಲ. ಮುಂದಿನ ಎರಡು ವರ್ಷ ಅರ್ಜಿಯನ್ನೂ ಹಾಕಲಿಲ್ಲ.

2023ರಲ್ಲಿ ಕರಾವಳಿಯ ಇನ್ನೊಂದು ಸುದ್ದಿ ನಿಮಗೂ ನೆನಪಿರಬಹುದು. ಜಾಗ ನೋಂದಣಿ ಮಾಡಿಸಿದವರ ಖಾತೆಯಿಂದ, ಯಾವ ಒಟಿಪಿಯೂ ಬಾರದೆ ಹಣ ಹೋಗತೊಡಗಿತು. ನೋಂದಣಿ ಪತ್ರದಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಆಧಾರ್ ಮೂಲಕ ಹಣ ತೆಗೆಯುತ್ತಾರೆ ಎಂದು ಪತ್ರಿಕೆಗಳಲ್ಲಿ ಬಂತು. ಆಗಲೇ ನಾವೆಲ್ಲ ಆಧಾರ್‌ನ ಬೆರಳಚ್ಚಿಗೆ ಬೀಗ ಹಾಕುವುದನ್ನು ಕಲಿತದ್ದು. ನನ್ನ ಬೆರಳೇ ನನ್ನ ವೈರಿಯಾಗುವ ಕಾಲ!

ಮಂಡಳಿಯಲ್ಲಿ ಒಂದೊಂದೇ ಕೆದಕಿದಂತೆ ನಗುವೂ ಬಂತು, ಹೆದರಿಕೆಯೂ ಆಯಿತು. ನಮ್ಮ ಇ-ಮೇಲನ್ನು ಮಾಡಿಕೊಟ್ಟವನು ಅಧ್ಯಕ್ಷೆಯವರ ತಂಗಿಯ ಮಗ. ಅವನು ದುಬೈಗೆ ಹೋಗಿ ಆರು ವರ್ಷ. ಪಾಸ್‌ವರ್ಡ್ ಮರೆತರೆ ಸಂಕೇತ ಹೋಗುವುದು ಅವನ ಹಳೆಯ ಸಿಮ್ಮಿಗೆ. ನಿಂತುಹೋದ ನಂಬರನ್ನು ಕಂಪೆನಿಯವರು ಇನ್ನೊಬ್ಬರಿಗೆ ಕೊಡುತ್ತಾರೆ ಎಂದು ನಮಗೆ ಯಾರು ಹೇಳಬೇಕು? ಪಾಸ್‌ವರ್ಡ್ ಅಂತೂ ಮಂಡಳಿಯ ಹೆಸರು, ಅದರ ಮುಂದೆ ಒಂದು ಎರಡು ಮೂರು. ಈಗ ನಂಬರು ಬದಲಾಗಿದೆ, ಎರಡು ಹಂತದ ಬೀಗ ಬಿದ್ದಿದೆ. ಗುಂಪಿಗೆ ಅರ್ಜಿ ಸಂಖ್ಯೆ, ಮೊತ್ತ ಎರಡೇ ಹೋಗುತ್ತವೆ.

ಅಧ್ಯಕ್ಷೆಯವರು ಓದಿದ್ದು ಏಳನೇ ಇಯತ್ತೆ. ಅವರೇ ಕೇಳಿದರು, “ಅಲ್ದೇ, ನಮ್ಗ್ ಆಧಾರ್ ಎಂತಕ್ಕೆ?” ಯಾರಿಗೂ ಉತ್ತರ ಗೊತ್ತಿರಲಿಲ್ಲ. ಎಲ್ಲರೂ ಕೇಳುತ್ತಾರೆ ಎಂದು ನಾವೂ ಕೇಳುತ್ತಿದ್ದೆವು, ಅಷ್ಟೆ. ಹಣ ಹಾಕಲು ಖಾತೆ ಸಂಖ್ಯೆ ಸಾಕು. ಗುರುತು ಬೇಕೇ ಬೇಕಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಸಿಗುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಗೆ ಹೆಸರಾದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. 2012ರಲ್ಲಿ ಅರ್ಜಿ ಹಾಕುವಾಗ ಅವರಿಗೆ 86 ವರ್ಷ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಬಂತು, 2025ರ ನವೆಂಬರ್‌ನಲ್ಲಿ ನಿಯಮಗಳು. 18 ತುಂಬದ ಮಕ್ಕಳ ವಿವರಕ್ಕೆ ಹೆತ್ತವರ ಒಪ್ಪಿಗೆ ಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು ಎಂದು ಅದರಲ್ಲಿದೆ. ಹುಡುಗಿಯ ಮುಖ ನೋಡಿ ನಾನು ಕಲಿತದ್ದನ್ನೇ ಕಾಯಿದೆಯ ಭಾಷೆಯಲ್ಲಿ ಓದಿದ ಹಾಗಾಯಿತು.

ಹಳೆಯ ಅರ್ಜಿಗಳನ್ನು ಗುಜರಿಗೆ ಹಾಕೋಣ ಎಂದವರಿದ್ದರು. ಯಾರದೋ ಮನೆಯ ಕಷ್ಟ ನಾಳೆ ಕಡಲೆಯ ಪೊಟ್ಟಣವಾಗುವುದು ಬೇಡವೆಂದು ಮೂರು ಚೀಲ ಕಾಗದವನ್ನು ನಮ್ಮ ಮನೆಯ ಬಚ್ಚಲ ಒಲೆಗೆ ಹಾಕಿದೆ. ಒಂದು ವಾರ ತೆಂಗಿನ ಸಿಪ್ಪೆ ಉಳಿಯಿತು.

ಹುಡುಗಿ ಈಗ ಪಿಯುಸಿಗೆ ಬಂದಿದ್ದಾಳೆ. ಈ ಸಲ ಅರ್ಜಿ ಹಾಕಲು ತಾಯಿಯೇ ಬಂದರು, ಅವಳು ಗೇಟಿನ ಹೊರಗೆ ನಿಂತಿದ್ದಳು. ಹೊಸ ಅರ್ಜಿಯಲ್ಲಿ ಷರಾ ಇಲ್ಲ. ತಾಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಇದನ್ನ ಯಾರೆಲ್ಲ ಕಾಂತ್ರ್?”

“ನಾನು, ಅಧ್ಯಕ್ಷೆ. ಖಾತೆ ನಂಬರು ಮಾತ್ರ ಬ್ಯಾಂಕಿನವರು,” ಎಂದೆ.

ಅವರು ಅರ್ಜಿಯನ್ನು ಗೇಟಿನ ತನಕ ಕೊಂಡುಹೋಗಿ ಮಗಳಿಗೆ ತೋರಿಸಿ, ತಿರುಗಿ ಬಂದು ರುಜು ಹಾಕಿದರು.