ಅಪ್ಪನ ಸಂಚಿ, ನನ್ನ ಬಾಟಲಿ

ಕ್ರೂಸ್ ಹಡಗು ಹತ್ತುವುದು ಹೇಗೆ ಅಂತ ಇನ್‌ಸ್ಟಾಗ್ರಾಮ್‌ನಲ್ಲಿ ಬೇಕಾದಷ್ಟು ರೀಲ್ ಸಿಗುತ್ತವೆ. ಸ್ವಾಗತದ ಜ್ಯೂಸು, ಬಾಲ್ಕನಿಯಲ್ಲಿ ನಿಂತು ಕೂದಲು ಹಾರಿಸೋದು, ಮಧ್ಯರಾತ್ರಿಯ ಬಫೆ. ಇಳಿಯುವ ಬೆಳಿಗ್ಗೆಯ ರೀಲ್ ಮಾತ್ರ ಒಂದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೆ ಆ ರಾತ್ರಿ ಅಪ್ಪನ ಮೇಲೆ ಹಾಗೆ ರೇಗುತ್ತಿರಲಿಲ್ಲವೇನೋ.

ಅಪ್ಪ ಅಮ್ಮನ ಮದುವೆಗೆ 35 ವರ್ಷ ತುಂಬಿತ್ತು. ನನಗೆ ಆಫೀಸಿನಲ್ಲಿ ಬೋನಸ್ ಬಂದಿತ್ತು. ಸಾಗರ ತಾಲ್ಲೂಕಿನ ನಮ್ಮೂರಿನಲ್ಲಿ ಅಡಿಕೆ ತೋಟ ಬಿಟ್ಟು ಎಲ್ಲಿಗೂ ಹೋಗದ ಇಬ್ಬರನ್ನು ಸಿಂಗಪುರಕ್ಕೆ ಕರೆದುಕೊಂಡು ಹೋಗಿ, ಅಲ್ಲಿಂದ ಮೂರು ರಾತ್ರಿಯ ಕ್ರೂಸ್ ಹತ್ತಿಸೋದು ಅಂತ ಪ್ಲಾನ್ ಮಾಡಿದೆ. ಅಲ್ಲಿಯವರೆಗೆ ಅಪ್ಪ ಹತ್ತಿದ್ದ ಅತಿ ದೊಡ್ಡ ಹಡಗು ಅಂದರೆ ಸಿಗಂದೂರಿಗೆ ಹೋಗುವಾಗ ಶರಾವತಿ ಹಿನ್ನೀರು ದಾಟಿಸುತ್ತಿದ್ದ ಲಾಂಚು.

ಪ್ಲಾನ್ ಎಲ್ಲ ನನ್ನದೇ. ಎಕ್ಸೆಲ್ ಶೀಟು, ಮೂರು ಬಣ್ಣದ ಫೋಲ್ಡರು. ಸಿಂಗಪುರದಿಂದ ಕ್ರೂಸ್ ಹತ್ತಿದರೆ ಆ ದೇಶ ಬಿಟ್ಟು ಹೋದ ಹಾಗೆ, ವಾಪಸ್ ಬಂದರೆ ಅದು ಎರಡನೇ ಪ್ರವೇಶ. ಹಾಗಾಗಿ ವೀಸಾ ಒಂದೇ ಸಲದ್ದಾಗಿದ್ದರೆ ಸಾಲದು, ಮಲ್ಟಿಪಲ್ ಎಂಟ್ರಿ ಇರಬೇಕು. ಇದನ್ನು ಏಜೆಂಟ್ ಹತ್ತಿರ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಮಲೇಷ್ಯಾಕ್ಕೆ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ ವೀಸಾ ಬೇಡ, ಆ ಚಿಂತೆ ಇರಲಿಲ್ಲ.

ಇನ್ನೊಂದು ಎಸ್‌ಜಿ ಅರೈವಲ್ ಕಾರ್ಡ್. ಸಿಂಗಪುರಕ್ಕೆ ಕಾಲಿಡುವ ದಿನವೂ ಸೇರಿ ಮೂರು ದಿನದ ಒಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ವಿಮಾನದಲ್ಲಿ ಬಂದಾಗ ಒಂದು ಸಲ ತುಂಬಿದ್ದೆವು, ಹಡಗಿನಲ್ಲಿ ವಾಪಸ್ ಬರುವಾಗ ಮತ್ತೆ ತುಂಬಬೇಕು. ನಮ್ಮ ಹಡಗು ಶುಕ್ರವಾರ ಸಂಜೆ ಹೊರಟು ಸೋಮವಾರ ಬೆಳಿಗ್ಗೆ ಬರುವುದು. ಅಂದರೆ ಶುಕ್ರವಾರ ಕೂತು ತುಂಬಿಬಿಡೋಣ ಅಂದರೆ ಆಗಲ್ಲ, ಶನಿವಾರದಿಂದಲೇ ಅವಕಾಶ. ಹಡಗಿನ ವೈಫೈ ದುಬಾರಿ. ಪೆನಾಂಗ್‌ನಲ್ಲಿ ಇಳಿದಾಗ, ಅಲ್ಲಿನ ಲಿಟಲ್ ಇಂಡಿಯಾದ ಒಂದು ಹೋಟೆಲಿನಲ್ಲಿ ದೋಸೆ ಬರುವಷ್ಟರಲ್ಲಿ ಮೂವರದ್ದೂ ತುಂಬಿದೆ. ಅಷ್ಟರಲ್ಲಿ ಅಮ್ಮ ಪಕ್ಕದ ಅಂಗಡಿಯಿಂದ ಸಕ್ಕರೆ ಹಾಕಿ ಒಣಗಿಸಿದ ಜಾಯಿಕಾಯಿ ಸಿಪ್ಪೆಯ ಪೊಟ್ಟಣ ತಂದಿದ್ದಳು. "ನಮ್ಮ ತೋಟದಲ್ಲಿ ಈ ಸಿಪ್ಪೆ ಬುಡಕ್ಕೆ ಬಿದ್ದು ಕೊಳೀತದೆ, ಇಲ್ಲಿ ನೋಡು, ದುಡ್ಡು ಮಾಡ್ತಾರೆ" ಅಂತ ಅವಳಿಗೆ ಹೊಟ್ಟೆಯುರಿ.

ಮರುದಿನ ಪೋರ್ಟ್ ಕ್ಲಾಂಗ್. ಅಲ್ಲಿಂದ ಹಡಗು ಹೊರಟ ಮೇಲೆ ಕೊನೆಯ ರಾತ್ರಿ.

ಕೊನೆಯ ರಾತ್ರಿ ಹಡಗಿನ ಬಣ್ಣವೇ ಬದಲಾಗುತ್ತದೆ. ಕ್ಯಾಬಿನ್ ಬಾಗಿಲಿಗೆ ಬಣ್ಣದ ಟ್ಯಾಗ್‌ಗಳನ್ನು ಸಿಕ್ಕಿಸಿ ಹೋಗಿರುತ್ತಾರೆ. ದೊಡ್ಡ ಪೆಟ್ಟಿಗೆಗೆ ಟ್ಯಾಗ್ ಕಟ್ಟಿ ರಾತ್ರಿಯೇ ಬಾಗಿಲ ಹೊರಗೆ ಇಟ್ಟರೆ ಬೆಳಿಗ್ಗೆ ಟರ್ಮಿನಲ್‌ನಲ್ಲಿ ಸಿಗುತ್ತದೆ. ಯಾವ ಬಣ್ಣ ಮೊದಲು ಇಳಿಯಬೇಕು ಅಂತ ಸ್ಪೀಕರಿನಲ್ಲಿ ಕೂಗುತ್ತಾರೆ. ಹತ್ತುವಾಗ ಹಡಗಿನವರು ಇಸಿದುಕೊಂಡಿದ್ದ ಪಾಸ್‌ಪೋರ್ಟ್‌ಗಳನ್ನು ಮರೆಯದೆ ವಾಪಸ್ ತರಬೇಕು. ನಾಳೆ ಹಾಕುವ ಬಟ್ಟೆ, ಮಾತ್ರೆ, ಚಪ್ಪಲಿ ಕೈಚೀಲದಲ್ಲಿ ಇಟ್ಟುಕೊಳ್ಳಬೇಕು. ಅಮ್ಮ ಸೀರೆ ಎಲ್ಲ ಪೆಟ್ಟಿಗೆಗೆ ತುಂಬಿ ಹೊರಗೆ ಇಟ್ಟ ಮೇಲೆ, ಮೈಮೇಲಿನ ನೈಟಿ ಬಿಟ್ಟರೆ ಬೇರೇನಿಲ್ಲ ಅಂತ ಗೊತ್ತಾಗಿ ಮತ್ತೆ ಪೆಟ್ಟಿಗೆ ಒಳಗೆ ಎಳೆದೆವು.

ಆಗಲೇ ಅಪ್ಪನ ಸಂಚಿ ನನ್ನ ಕೈಗೆ ಬಂದಿದ್ದು.

ಅಪ್ಪನ ಸಂಚಿ ಅಂದರೆ ಅಜ್ಜಿ ಹೊಲಿದುಕೊಟ್ಟ ಬಟ್ಟೆಯ ಚೀಲ, ಎಷ್ಟೋ ಸಲ ತೇಪೆ ಕಂಡಿದ್ದು. ಅಡಿಕೆ ಹೋಳು, ಸುಣ್ಣದ ಡಬ್ಬಿ ಇರುತ್ತವೆ ಅಂತ ಗೊತ್ತಿತ್ತು. ವೀಳ್ಯದೆಲೆ ಎರಡನೇ ದಿನಕ್ಕೇ ಬಾಡಿ ಮುಗಿದಿತ್ತು. ಒಳಗಿನ ಅರೆಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ತಂಬಾಕು ಇತ್ತು.

"ಅಪ್ಪ, ಇದೆಂತ?"

"ಎಂತ ಅಂದ್ರೆ? ಕವಳಕ್ಕೆ."

"ಚಾಂಗಿಯಲ್ಲಿ ಇಳಿದಾಗಲೂ ಇತ್ತಾ ಇದು?"

"ಇತ್ತು. ಯಾರೂ ಕೇಳಲಿಲ್ಲಪ್ಪ."

ನನ್ನ ಎದೆ ಧಸಕ್ಕೆಂದಿತು. ಸಿಂಗಪುರದಲ್ಲಿ ಜಗಿಯುವ ತಂಬಾಕು ನಿಷಿದ್ಧ. ಗುಟ್ಕಾ, ಖೈನಿ, ಜರ್ದಾಗಳನ್ನೆಲ್ಲ 2016ರ ಆಗಸ್ಟ್ 1ರಿಂದ ನಿಷೇಧಿಸಿದ್ದಾರೆ. ಚ್ಯೂಯಿಂಗ್ ಗಮ್ ಕೂಡ ತರುವಂತಿಲ್ಲದ ಊರು ಅದು. ನನ್ನ ಕಂಪನಿಯ ಮುಖ್ಯ ಕಚೇರಿ ಇರುವುದೂ ಅಲ್ಲೇ. ಮುಂದಿನ ವರ್ಷ ಅಲ್ಲಿಗೆ ಹೋಗುವ ಮಾತು ನಡೆಯುತ್ತಿತ್ತು.

ಆಮೇಲೆ ನಾನು ಆಡಿದ ಮಾತನ್ನು ಇಲ್ಲಿ ಬರೆಯಲು ನಾಚಿಕೆ. ಆದರೂ ಬರೆಯುತ್ತೇನೆ. "ಒಂದು ಚಿಟಿಕೆ ತಂಬಾಕಿಗೋಸ್ಕರ ನನ್ನ ಕೆಲಸ ಕಳೀತೀರಾ? ರೂಲ್ಸ್ ಅಂದ್ರೆ ರೂಲ್ಸ್. ಎಲ್ಲ ಕಡೆ ನಮ್ಮೂರಿನ ಹಾಗೆ ನಡೆಯಲ್ಲ. ನಿಮ್ಮನ್ನ ಕರ್ಕೊಂಡು ಬಂದಿದ್ದೇ ತಪ್ಪು."

ಅಮ್ಮ "ಸಾಕು ಬಿಡೆ" ಅಂದಳು. ಅಪ್ಪ ಒಂದೂ ಮಾತಾಡಲಿಲ್ಲ. ಸಂಚಿ ಇಸಿದುಕೊಂಡು ಬಾತ್‌ರೂಮಿಗೆ ಹೋದರು. ತಂಬಾಕನ್ನು ಕಸದ ಬುಟ್ಟಿಗೆ ಸುರಿದು, ಸಂಚಿಯ ಅರೆಯನ್ನು ತಿರುವಿಹಾಕಿ ನಲ್ಲಿ ಕೆಳಗೆ ತೊಳೆದು, ಹಿಂಡಿ, ಟವೆಲ್ ಕಂಬಿಯ ಮೇಲೆ ಒಣಹಾಕಿದರು. ಹೊರಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದರು.

ಅದೇ ಹೊತ್ತಿಗೆ ಕ್ಯಾಬಿನ್ ಬೆಲ್ ಆಯಿತು. ಹಡಗಿನ ಡ್ಯೂಟಿ ಫ್ರೀ ಅಂಗಡಿಯಲ್ಲಿ ನನ್ನ ಮ್ಯಾನೇಜರ್‌ಗೆ ಅಂತ ಕೊಂಡಿದ್ದ ಒಂದು ಲೀಟರ್ ವಿಸ್ಕಿಯನ್ನು, ಸೀಲ್ ಮಾಡಿದ ಚೀಲದಲ್ಲಿ ತಂದುಕೊಟ್ಟರು. ಸಹಿ ಮಾಡಿ ಇಸಿದುಕೊಂಡು ಕೈಚೀಲದಲ್ಲಿ ಇಟ್ಟೆ. ಅದರ ರೂಲ್ಸ್ ನಾನು ಮೊದಲೇ ಓದಿದ್ದೆ. 48 ಗಂಟೆಗಿಂತ ಹೆಚ್ಚು ಹೊರಗಿದ್ದು ಬಂದರೆ ಒಂದು ಲೀಟರ್ ಸ್ಪಿರಿಟ್‌ಗೆ ತೆರಿಗೆ ಇಲ್ಲ. ನಾವು ಶುಕ್ರವಾರದಿಂದ ಸೋಮವಾರದವರೆಗೆ ಹೊರಗೆ. ಲೆಕ್ಕ ಸರಿಯಾಗಿತ್ತು.

ಬೆಳಿಗ್ಗೆ ಮರೀನಾ ಬೇ ಕ್ರೂಸ್ ಸೆಂಟರ್. ನಮ್ಮ ಬಣ್ಣ ಕೂಗಿದರು, ಇಳಿದೆವು. ದೊಡ್ಡ ಹಡಗು ಅಂದರೆ ಒಂದು ಸಣ್ಣ ಪೇಟೆ. ಅಷ್ಟೂ ಜನ ಒಂದೇ ಬೆಳಿಗ್ಗೆ ಇಳಿಯುತ್ತಾರೆ. ಸಾಲು ಉದ್ದ ಇದ್ದರೂ ಓಡುತ್ತಿತ್ತು, ಯಾಕಂದರೆ ಇಮಿಗ್ರೇಷನ್‌ನಲ್ಲಿ ಪಾಸ್‌ಪೋರ್ಟ್ ಓದಿ ಮುಖ ನೋಡಿ ಬಿಡುವ ಗೇಟುಗಳಿದ್ದವು. ಅಮ್ಮ ಹೋದಳು. ನಾನೂ ಹೋದೆ. ಹಿಂದೆ ತಿರುಗಿ ನೋಡಿದರೆ ಅಪ್ಪ ಆ ಕಡೆಯೇ ನಿಂತಿದ್ದಾರೆ. ಗೇಟು ತೆರೆಯಲಿಲ್ಲ. ಒಬ್ಬ ಸಿಬ್ಬಂದಿ ಬಂದು ಅವರನ್ನು ಕೌಂಟರ್ ಕಡೆ ಕರೆದುಕೊಂಡು ಹೋದರು.

ಒಮ್ಮೆ ಈಚೆ ಬಂದ ಮೇಲೆ ವಾಪಸ್ ಹೋಗುವಂತಿಲ್ಲ. ನಾನು ಈಚೆ, ಅಪ್ಪ ಆಚೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಫೋಲ್ಡರ್ ಎಲ್ಲ ನನ್ನ ಹತ್ತಿರ. ಬುಟ್ಟಿಗೆ ಹಾಕಿದ ತಂಬಾಕಿನ ಚೂರು ಸಂಚಿಯಲ್ಲಿ ಉಳಿದಿದೆಯೇನೋ, ಅಂಗಿ ಜೇಬಿನಲ್ಲಿ ಇನ್ನೊಂದು ಪೊಟ್ಟಣ ಇದೆಯೇನೋ, ಏನೇನೋ ಯೋಚನೆ ಬಂತು.

ದೂರದಿಂದ ಕಂಡಿದ್ದು ಇಷ್ಟು. ಕೌಂಟರಿನ ಹೆಂಗಸು ಹೆಬ್ಬೆರಳು ಇಡಲು ತೋರಿಸಿದರು. ಅಪ್ಪ ಇಟ್ಟರು. ಅವರು ತಲೆಯಾಡಿಸಿದರು. ಮತ್ತೆ ಇಟ್ಟರು. ಮತ್ತೆ ಇಲ್ಲ. ಅಪ್ಪ ಹೆಬ್ಬೆರಳನ್ನು ಪಂಚೆಗೆ ಒರೆಸಲು ಹೋಗಿ, ತಾವು ಪ್ಯಾಂಟು ಹಾಕಿದ್ದು ನೆನಪಾಗಿ ಕೈ ಹಿಂದೆ ತೆಗೆದುಕೊಂಡರು. ಚಾಂಗಿಯಲ್ಲೂ ಹೀಗೇ ಆಗಿತ್ತು, ಆದರೆ ಅಲ್ಲಿ ನಾನು ಪಕ್ಕದಲ್ಲೇ ಇದ್ದೆ. ವರ್ಷಗಟ್ಟಲೆ ಅಡಿಕೆ ಸುಲಿದು, ಬೇಯಿಸಿ, ಚೊಗರಿನಲ್ಲಿ ಅದ್ದಿದ ಕೈ ಅದು. ಆ ಬೆರಳ ಗೆರೆಗಳು ಎಂದೋ ಸವೆದು ಹೋಗಿವೆ. ನನ್ನ ಓದಿನ ಫೀಸು, ಈ ಫೋಲ್ಡರ್ ಹಿಡಿಯುವಷ್ಟು ಇಂಗ್ಲಿಷ್ ಎಲ್ಲ ಬಂದಿದ್ದು ಆ ಗೆರೆಗಳ ಲೆಕ್ಕದಿಂದಲೇ.

ಅಪ್ಪ ಎರಡೂ ಅಂಗೈ ಬಿಚ್ಚಿ ತೋರಿಸಿ ಏನೋ ಹೇಳಿದರು. ಆಕೆ ಒದ್ದೆ ಟಿಶ್ಯೂ ಕೊಟ್ಟು ಒರೆಸಿಕೊಳ್ಳಲು ಹೇಳಿದರು. ಇನ್ನೊಂದು ಹೆಬ್ಬೆರಳು. ಕ್ಯಾಮೆರಾ ಕಡೆ ಮುಖ. ಕೊನೆಗೂ ಬಿಟ್ಟರು.

"ಎಂತ ಹೇಳಿದ್ರಿ ಅಪ್ಪ?"

"ಫಾರ್ಮರ್ ಅಂದೆ. ಅಷ್ಟು ಬರ್ತದೆ ನಂಗೆ."

ರಾತ್ರಿಯಿಂದ ಅವರು ನನ್ನ ಹತ್ತಿರ ಆಡಿದ ಮೊದಲ ಮಾತು ಅದು.

ಪೆಟ್ಟಿಗೆ ಹುಡುಕಿಕೊಂಡು ಹೊರಡುವ ದಾರಿಗೆ ಬಂದೆವು. ಎದುರಿಗೆ ಎರಡು ಬೋರ್ಡು, ಒಂದು ಹಸಿರು, ಒಂದು ಕೆಂಪು. ಪಕ್ಕದಲ್ಲಿ ಯಾವ ಸಾಮಾನಿಗೆ ಎಷ್ಟು ರಿಯಾಯಿತಿ ಅನ್ನೋ ಪಟ್ಟಿ. ನಡೆಯುತ್ತಲೇ ಕಣ್ಣಾಡಿಸಿದೆ. ಮದ್ಯದ ಸಾಲು. 48 ಗಂಟೆ, ಹೌದು. ಅದರ ಕೆಳಗೆ ಇನ್ನೊಂದು ಸಾಲು: ಮಲೇಷ್ಯಾದಿಂದ ಬರುತ್ತಿರಬಾರದು.

ನಮ್ಮ ಹಡಗು ಕೊನೆಯದಾಗಿ ನಿಂತಿದ್ದು ಪೋರ್ಟ್ ಕ್ಲಾಂಗ್. ಮಲೇಷ್ಯಾ. ಅಂದರೆ ನನ್ನ ಬಾಟಲಿಗೆ ರಿಯಾಯಿತಿ ಇಲ್ಲ. ಹಡಗಿನ ಅಂಗಡಿಯ 'ಡ್ಯೂಟಿ ಫ್ರೀ' ಬೋರ್ಡಿಗೂ ಇಳಿಯುವ ದೇಶದ ಕಾನೂನಿಗೂ ಸಂಬಂಧ ಇಲ್ಲ ಅಂತ ನನಗೆ ಅಲ್ಲಿ ನಿಂತಾಗ ಗೊತ್ತಾಯಿತು. ಎಕ್ಸೆಲ್ ಶೀಟಿನಲ್ಲಿ ಆ ಸಾಲು ಇರಲೇ ಇಲ್ಲ.

ಹಸಿರಿನಲ್ಲಿ ಜನ ಸರಸರ ಹೋಗುತ್ತಿದ್ದರು. ನನ್ನ ಕಾಲೂ ಅತ್ತಲೇ ತಿರುಗಿತು. ಒಂದು ಬಾಟಲಿ, ಯಾರು ನೋಡ್ತಾರೆ, ಚೀಲದ ಜಿಪ್ ಹಾಕಿದೆ.

"ಇದೆಂತ ಎರಡು ದಾರಿ?" ಅಪ್ಪ ಕೇಳಿದರು.

"ಏನಿಲ್ಲಪ್ಪ. ಹೇಳೋಕೆ ಏನೂ ಸಾಮಾನು ಇಲ್ಲದವರು ಹಸಿರು, ಇರೋರು ಕೆಂಪು. ಬನ್ನಿ."

ಅಪ್ಪ ನಿಂತರು. "ನಿನ್ನ ಬಾಟ್ಲಿಗೆ ಯಾವುದು?"

ಚುಚ್ಚಲು ಕೇಳಿದ್ದಲ್ಲ ಅದು. ನಿಜವಾಗಿಯೂ ಗೊತ್ತಿಲ್ಲದೆ, ಎಲ್ಲ ಬಲ್ಲ ಮಗಳನ್ನು ಕೇಳಿದ್ದು. ಅದಕ್ಕೇ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಕೆಂಪು" ಅಂದೆ.

"ಹಂಗಾರೆ ಅಲ್ಲೇ ಹೋಗೋಣ. ಅದಕ್ಕೆಂತ?"

ಕೆಂಪು ದಾರಿಯಲ್ಲಿ ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ಅಧಿಕಾರಿ ಬಾಟಲಿ, ರಸೀದಿ ನೋಡಿದರು. ಎಲ್ಲಿಂದ ಬಂದಿರಿ ಅಂತ ಕೇಳಿದರು. ಬೈಗುಳ ಇಲ್ಲ, ಭಾಷಣ ಇಲ್ಲ. ಲೆಕ್ಕ ಹಾಕಿದರು: ಶೇ 40ರ ಒಂದು ಲೀಟರ್ ವಿಸ್ಕಿಗೆ 35 ಡಾಲರ್ 20 ಸೆಂಟ್ ಸುಂಕ, ಬಾಟಲಿಯ ಬೆಲೆ, ಸುಂಕ ಎರಡೂ ಸೇರಿಸಿ ಅದರ ಮೇಲೆ ಶೇ 9 ಜಿಎಸ್‌ಟಿ. ನನ್ನ 40 ಡಾಲರ್ ಬಾಟಲಿಗೆ ಹತ್ತಿರ ಹತ್ತಿರ 42 ಡಾಲರ್ ತೆರಿಗೆ. ಕಾರ್ಡ್ ಉಜ್ಜಿದೆ. ಐದು ನಿಮಿಷದ ಕೆಲಸ.

ರಸೀದಿಯನ್ನು ಮುದುರಿ ಜೇಬಿಗೆ ಹಾಕಿಕೊಳ್ಳಲು ಹೊರಟಿದ್ದೆ. ಅಪ್ಪ ಕೈ ಚಾಚಿದರು. ಮಂಡಿಯಲ್ಲಿ ಅಡಿಕೆ ಹಾಕಿದ ಚೀಟಿಯಿಂದ ಹಿಡಿದು ಕರೆಂಟು ಬಿಲ್ಲಿನವರೆಗೆ ಯಾವ ಕಾಗದವನ್ನೂ ಅವರು ಬಿಸಾಡುವುದಿಲ್ಲ. ನಾಲ್ಕಾಗಿ ಮಡಚಿ, ಇನ್ನೂ ಸ್ವಲ್ಪ ಒದ್ದೆಯಿದ್ದ ಸಂಚಿಯ ಆ ಖಾಲಿ ಅರೆಯಲ್ಲಿ ಇಟ್ಟುಕೊಂಡರು.

ನೀವು ಅಪ್ಪ ಅಮ್ಮನನ್ನು ಹೀಗೆ ಕರೆದುಕೊಂಡು ಹೋಗುವವರಿದ್ದರೆ ನಾನು ಹೇಳೋದು ಇಷ್ಟು. ವೀಸಾ ಎಷ್ಟು ಪ್ರವೇಶಕ್ಕಿದೆ ನೋಡಿ. ವಾಪಸ್ ಬರುವಾಗಿನ ಅರೈವಲ್ ಕಾರ್ಡನ್ನು ಕೊನೆಯ ಬಂದರಿನ ಒಳಗೆ ತುಂಬಿಬಿಡಿ. ಅದು ಉಚಿತ, ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಮುಚ್ಚಿಬಿಡಿ. ಹಡಗು ಕೊನೆಗೆ ಯಾವ ದೇಶದಲ್ಲಿ ನಿಲ್ಲುತ್ತದೆ ಅಂತ ನೋಡಿಯೇ ಬಾಟಲಿ ಕೊಳ್ಳಿ. ಸಿಗರೇಟಿಗಂತೂ ಸಿಂಗಪುರದಲ್ಲಿ ಯಾವ ರಿಯಾಯಿತಿಯೂ ಇಲ್ಲ. ಇಮಿಗ್ರೇಷನ್ ಸಾಲಿನಲ್ಲಿ ದೊಡ್ಡವರನ್ನು ಮುಂದೆ ಬಿಟ್ಟು ನೀವು ಹಿಂದೆ ನಿಲ್ಲಿ. ನಾನು ಮಾಡಿದ ಹಾಗೆ ದಾಟಿ ಹೋಗಿ ಆಚೆಯಿಂದ ನೋಡಬೇಡಿ. ಮತ್ತೆ, ಅವರ ಚೀಲವನ್ನು ಊರಿನಿಂದ ಹೊರಡುವ ಮೊದಲೇ, ಜೊತೆಗೆ ಕೂತು, ಸಮಾಧಾನವಾಗಿ ನೋಡಿ. ಕೊನೆಯ ರಾತ್ರಿ ಬೇಡ.

ಹೊರಗೆ ಟ್ಯಾಕ್ಸಿಗೆ ಕಾಯುವಾಗ ಹೇಳಿದೆ. "ಅಪ್ಪ, ನಿನ್ನೆ ರಾತ್ರಿ ನಾನು ಹಾಗೆ ಹೇಳಬಾರದಿತ್ತು."

ಅಪ್ಪ ಹಡಗಿನ ಕಡೆ ನೋಡುತ್ತಿದ್ದರು. ಅಷ್ಟು ದೊಡ್ಡದು ನೀರಿನ ಮೇಲೆ ಹೇಗೆ ನಿಲ್ಲುತ್ತದೆ ಅನ್ನೋದು ಅವರಿಗೆ ಇನ್ನೂ ಬಗೆಹರಿದಿರಲಿಲ್ಲ.

"ನಲವತ್ತೆರಡು ಡಾಲರ್ ಅಂದ್ರೆ ನಮ್ಮ ದುಡ್ಡಲ್ಲಿ ಎಷ್ಟಾಯ್ತು?" ಅಂತ ಕೇಳಿದರು.

ಹೇಳಿದೆ.

"ನನ್ನ ತಂಬಾಕು ಇಪ್ಪತ್ತು ರೂಪಾಯಿದು ಮಾರಾಯ್ತಿ" ಅಂದರು.

ಅಮ್ಮ ಮೊದಲು ನಕ್ಕಳು.